ಶ್ರೀಮಂತಿಕೆ ತಾನಾಗಿ ಹೊಗೆ ಕಳೆಯದು

‘ಮೊದಲು ಬೆಳೆಯೋಣ, ಹೊಗೆಯನ್ನು ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತಿಗೆ ಈಗ ಅರ್ಥಶಾಸ್ತ್ರದ ಮುದ್ರೆಯೂ ಬಿದ್ದಿದೆ. ಆದಾಯ ಏರಿದಂತೆ ಮಾಲಿನ್ಯವೂ ಏರಿ, ಒಂದು ಹಂತ ದಾಟಿದ ಮೇಲೆ ತಾನಾಗಿ ಇಳಿಯುತ್ತದೆ ಎಂಬುದನ್ನು ಸಿದ್ಧವಾದ ಸತ್ಯವೆಂಬಂತೆ ಹೇಳುವವರು ಹೆಚ್ಚಿದ್ದಾರೆ. ಬೆಳವಣಿಗೆ, ಇಂಧನ, ಮಾಲಿನ್ಯಗಳ ನಂಟನ್ನು ಕುರಿತ ಅಧ್ಯಯನ ನಡೆದುಬಂದ ದಾರಿಯನ್ನು ನೋಡಿದರೆ ಅಂಥ ಭರವಸೆಗೆ ಆಧಾರ ಸಿಗುವುದಿಲ್ಲ.

ಈ ಚರ್ಚೆ ಹಳೆಯದು. ಯಂತ್ರಗಳ ದಕ್ಷತೆ ಹೆಚ್ಚಿದರೆ ಕಲ್ಲಿದ್ದಲಿನ ಬಳಕೆ ತಗ್ಗುವ ಬದಲು ಹಿಗ್ಗುತ್ತದೆ ಎಂದು ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದ. ಉತ್ಪಾದನೆಯೂ ಉಷ್ಣಬಲ ವಿಜ್ಞಾನದ ನಿಯಮಗಳನ್ನು ಮೀರಲಾರದು ಎಂದು ಅರ್ಥಶಾಸ್ತ್ರಜ್ಞ ಜಾರ್ಜೆಸ್ಕು-ರೋಗನ್ 1971ರಲ್ಲಿ ವಾದಿಸಿದರು. 1973ರ ತೈಲ ಬಿಕ್ಕಟ್ಟಿನ ನಂತರ ಪ್ರಶ್ನೆ ಸಂಖ್ಯಾಶಾಸ್ತ್ರದ ಕೈಗೆ ಹೋಯಿತು. ಅಮೆರಿಕದ 1947-74ರ ಅಂಕಿಅಂಶ ಹಿಡಿದು, ರಾಷ್ಟ್ರೀಯ ಉತ್ಪನ್ನವೇ ಇಂಧನ ಬಳಕೆಯನ್ನು ನಡೆಸುತ್ತದೆ, ಬಳಕೆ ಉತ್ಪನ್ನವನ್ನು ನಡೆಸುವುದಿಲ್ಲ ಎಂದು ಕ್ರಾಫ್ಟ್ ಮತ್ತು ಕ್ರಾಫ್ಟ್ 1978ರಲ್ಲಿ ತೀರ್ಮಾನಿಸಿದರು. ಮುಂದೆ ಬಂದ ಪ್ರಬಂಧಗಳು ದೇಶ, ಅವಧಿ, ಪರೀಕ್ಷಾ ವಿಧಾನ ಬದಲಾದಂತೆಲ್ಲ ಉತ್ತರವನ್ನೂ ಬದಲಿಸಿದವು. ಇಷ್ಟು ಶ್ರಮಕ್ಕೆ ಇಷ್ಟು ಕಡಿಮೆ ಫಲ ಕೊಟ್ಟ ವಿಷಯಗಳು ಅರ್ಥಶಾಸ್ತ್ರದಲ್ಲಿ ವಿರಳ.

ಆದಾಯದೊಂದಿಗೆ ಏರಿ ಆಮೇಲೆ ಇಳಿಯುವ ಮಾಲಿನ್ಯದ ವಕ್ರರೇಖೆ ಹುಟ್ಟಿದ್ದು 1991ರಲ್ಲಿ, ಗ್ರಾಸ್‌ಮನ್ ಮತ್ತು ಕ್ರೂಗರ್ ಅವರ ಅಧ್ಯಯನದಿಂದ. ಮರುವರ್ಷ ವಿಶ್ವಬ್ಯಾಂಕಿನ ವರದಿ ಅದನ್ನು ಜಗತ್ತಿಗೆ ಸಾರಿತು. ಅಸಮಾನತೆ ಕುರಿತ ಕುಜ್ನೆಟ್ಸ್ ಅವರ 1955ರ ಚಿಂತನೆಯನ್ನು ಹೋಲುವುದರಿಂದ ಅವರ ಹೆಸರೂ ಅದಕ್ಕೆ ಅಂಟಿತು. ಆದರೆ ಗ್ರಾಸ್‌ಮನ್ ಮತ್ತು ಕ್ರೂಗರ್ ಅವರೇ 1995ರಲ್ಲಿ, ಈ ಇಳಿಕೆ ತಾನಾಗಿ ಆಗುವಂಥದ್ದಲ್ಲ, ಜನರ ಒತ್ತಾಯಕ್ಕೆ ಸರ್ಕಾರ ಸ್ಪಂದಿಸುವುದರಿಂದ ಆಗುವಂಥದ್ದು ಎಂದು ಸ್ಪಷ್ಟಪಡಿಸಿದ್ದರು. ಅದೇ ವರ್ಷ ಕೆನೆತ್ ಆರೋ, ಪಾರ್ಥ ದಾಸ್‌ಗುಪ್ತ ಮತ್ತು ಸಂಗಡಿಗರೂ, ಬೆಳವಣಿಗೆ ಪರಿಸರ ನೀತಿಯ ಸ್ಥಾನ ತುಂಬಲಾರದು ಎಂದರು. ವಕ್ರರೇಖೆಯನ್ನು ಎತ್ತಿಕೊಂಡವರು ಈ ಷರತ್ತುಗಳನ್ನು ಕೈಬಿಟ್ಟರು. ಆ ಷರತ್ತುಗಳ ತೂಕಕ್ಕೆ ಚೀನಾ ಸಾಕ್ಷಿ. ಅದು 2013ರಲ್ಲಿ ಗಾಳಿಯ ಮಾಲಿನ್ಯದ ವಿರುದ್ಧ ಕಟ್ಟುನಿಟ್ಟಿನ ಕ್ರಿಯಾಯೋಜನೆ ತಂದ ಮೇಲೆ ನಗರಗಳ ಗಾಳಿಯಲ್ಲಿನ ಸೂಕ್ಷ್ಮ ಕಣಗಳು ಇಳಿದವು. ಇಂಗಾಲದ ಡೈಆಕ್ಸೈಡ್ ಏರಿತು. ದೇಶ ಒಂದೇ, ಆದಾಯ ಒಂದೇ. ಯಾವುದರ ಮೇಲೆ ಕ್ರಮ ಕೈಗೊಂಡರೋ ಅದು ಇಳಿಯಿತು. ನಮ್ಮಲ್ಲಿ ಕಲ್ಲಿದ್ದಲು ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ 2015ರಲ್ಲಿ ಮಿತಿ ಹಾಕಲಾಯಿತು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ಅದಕ್ಕೆ ಬೇಕಾದ ಶುದ್ಧೀಕರಣ ಯಂತ್ರದಿಂದಲೇ ವಿನಾಯಿತಿ ಸಿಕ್ಕಿತು. ಈ ಹತ್ತು ವರ್ಷಗಳಲ್ಲಿ ಆದಾಯವೇನೂ ಕುಗ್ಗಿರಲಿಲ್ಲ.

ಈ ಗದ್ದಲದ ನಡುವೆ ಮರೆಯಾದದ್ದು ಬೆಂಗಳೂರಿನಲ್ಲೇ ಬೆಳೆದ ಒಂದು ಚಿಂತನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರಜ್ಞರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಇಂಧನದ ಲೆಕ್ಕವನ್ನು ಒಲೆಯಿಂದ ಹಿಡಿದು ನೀರು ಹೊರುವವರೆಗೆ ಮಾಡಿದಾಗ, ಬಹುಪಾಲು ಶಕ್ತಿ ಸೌದೆಯಿಂದ ಬರುತ್ತಿತ್ತು, ಅದರ ಭಾರ ಹೆಚ್ಚಾಗಿ ಹೆಂಗಸರ, ಮಕ್ಕಳ ಮೇಲಿತ್ತು ಎಂಬುದು ಹೊರಬಂತು. ಮುಂದೆ ಅಲ್ಲಿ ಸಗಣಿ ಅನಿಲದಿಂದ ದೀಪ ಉರಿಯಿತು, ನೀರಿನ ಪಂಪು ನಡೆಯಿತು. ಜನರಿಗೆ ಬೇಕಾದದ್ದು ಕಿಲೋವ್ಯಾಟುಗಳಲ್ಲ. ಬೆಳಕು, ನೀರು, ಬೆಂದ ಅನ್ನ. ಬಳಕೆಯ ಸಾಧನಗಳು ದಕ್ಷವಾಗಿದ್ದರೆ ತಲೆಗೆ ಸುಮಾರು 1 ಕಿಲೋವ್ಯಾಟಿನಲ್ಲೇ 1970ರ ದಶಕದ ಪಶ್ಚಿಮ ಯುರೋಪಿನ ಜೀವನಮಟ್ಟ ಸಾಧ್ಯ ಎಂದು ಗೋಲ್ಡೆಂಬರ್ಗ್, ಯೋಹಾನ್ಸನ್, ವಿಲಿಯಮ್ಸ್ ಅವರೊಂದಿಗೆ ರೆಡ್ಡಿ 1985ರಲ್ಲಿ ತೋರಿಸಿದರು. ಕರ್ನಾಟಕಕ್ಕೆ 2000ದ ಹೊತ್ತಿಗೆ ಬೇಕಾಗುವ ವಿದ್ಯುತ್ತಿನ ಅಧಿಕೃತ ಅಂದಾಜಿಗೆ ಎದುರಾಗಿ ರೆಡ್ಡಿ ಅವರ ಗುಂಪು ರೂಪಿಸಿದ ‘ಡಿಫೆಂಡಸ್’ ಯೋಜನೆಯ ಬೇಡಿಕೆ ಅದರ ಅರ್ಧಕ್ಕಿಂತಲೂ ಕಡಿಮೆಯಿತ್ತು.

ದಕ್ಷತೆ ಬಳಕೆಯನ್ನೇ ಹೆಚ್ಚಿಸುತ್ತದೆ ಎಂಬ ಜೆವನ್ಸನ ಆಕ್ಷೇಪ ಇಲ್ಲಿ ಏಳುವುದು ಸಹಜ. ಆದರೆ ಬಡವರ ಮನೆಯಲ್ಲಿ ಆ ಹೆಚ್ಚಳ ದೋಷವಲ್ಲ, ಗುರಿ. ಉಳ್ಳವರ ಬಳಕೆಗೆ ಬೆಲೆ ಮತ್ತು ಕಾನೂನಿನ ಲಗಾಮು ಬೇಕು. ಬ್ರಿಟನ್ನಿನ ಹೊರಸೂಸುವಿಕೆ 1990ರಿಂದ ಸುಮಾರು ಅರ್ಧಕ್ಕಿಳಿದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇಳಿದದ್ದು ನಿಜ. ಅದರಲ್ಲಿ ನೈಸರ್ಗಿಕ ಅನಿಲ, ಗಾಳಿಯಂತ್ರ, 2008ರ ಹವಾಮಾನ ಕಾಯಿದೆಗಳ ಪಾಲಿದೆ. ಆಮದು ಸರಕಿನ ಹೊಗೆ ಬೇರೆ ದೇಶಗಳ ಲೆಕ್ಕಕ್ಕೆ ಬಿದ್ದದ್ದೂ ಇದೆ. ಆದಾಯ ಸಾಮರ್ಥ್ಯ ಕೊಟ್ಟಿರಬಹುದು, ದಿಕ್ಕನ್ನು ಕೊಡಲಿಲ್ಲ.

ಇಷ್ಟೆಲ್ಲ ಅಧ್ಯಯನದ ದೊಡ್ಡ ಕೊರತೆಯೆಂದರೆ ದೇಶದ ಸರಾಸರಿಯ ಮೇಲಿನ ಮೋಹ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿ ಹುಟ್ಟುವ ವಿದ್ಯುತ್ತು ರಾಜ್ಯದ ಉತ್ಪನ್ನದಲ್ಲಿ ಸೇರುತ್ತದೆ. ಸುತ್ತಲ ಊರುಗಳ ಪಾಲಿನ ಹಾರುಬೂದಿ ಯಾವ ಸಮೀಕರಣದಲ್ಲೂ ಸೇರುವುದಿಲ್ಲ. ಯಾರಿಗೆ ಶಕ್ತಿ, ಯಾರಿಗೆ ಹೊಗೆ ಎಂಬ ಲೆಕ್ಕವನ್ನು ತಾಲ್ಲೂಕು ತಾಲ್ಲೂಕಾಗಿ, ಮನೆ ಮನೆಯಾಗಿ ಹಾಕುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಅದಕ್ಕೆ ಬೇಕಾದ ವಿಧಾನವನ್ನು ರೆಡ್ಡಿ ಅವರ ಗುಂಪು ಪುರ ಗ್ರಾಮದಲ್ಲಿ ಆಗಲೇ ತೋರಿಸಿಕೊಟ್ಟಿದೆ.