ವಿಕಿರಣದ ಮಿತಿ: ಒಂದು ಸಂಖ್ಯೆಯ ಚರಿತ್ರೆ

ಅಣುವಿದ್ಯುತ್ತಿನ ಸಾಧಕಬಾಧಕಗಳನ್ನು ತೂಗಲು ಹೊರಟವರು ಒಂದು ಸಂಖ್ಯೆಯನ್ನು ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ: ವಿಕಿರಣದ ಮಿತಿ ಸ್ಥಾವರದ ಕೆಲಸಗಾರನಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್, ಹೊರಗಿನ ನಾಗರಿಕನಿಗೆ 1 ಮಿಲಿಸೀವರ್ಟ್. ನೆಲದಿಂದಲೂ ಆಕಾಶದಿಂದಲೂ ನಮಗೆ ಸಹಜವಾಗಿ ಒದಗುವ ವಿಕಿರಣವೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟಿರುವುದನ್ನು ನೆನೆದರೆ ನಾಗರಿಕನ ಈ ಮಿತಿ ಬಹು ಜಾಗರೂಕತೆಯದೆಂದೇ ತೋರುತ್ತದೆ. ಆದರೂ ಇದು ಪ್ರಯೋಗಶಾಲೆಯಲ್ಲಿ ಅಳೆದು ಕಂಡ ನಿಸರ್ಗನಿಯಮವಲ್ಲ. ಇಷ್ಟು ಪ್ರಯೋಜನಕ್ಕೆ ಇಷ್ಟು ಹಾನಿ ಸಹ್ಯವೆಂದು ಕಾಲಕಾಲಕ್ಕೆ ಕೆಲವರು ಕೂಡಿ ಗೊತ್ತುಪಡಿಸಿದ್ದು. ಒಪ್ಪಿದವರಾರು, ಯಾರ ಪರವಾಗಿ ಒಪ್ಪಿದರು ಎಂಬುದು ಇಲ್ಲಿ ವಿಚಾರಣೀಯ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದು ಹತ್ತು ವರ್ಷ ತುಂಬುವ ಮೊದಲೇ, 1904ರಲ್ಲಿ, ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ ಆ ಕಿರಣಗಳಿಂದಲೇ ಕೈಗಳನ್ನು ಕಳೆದುಕೊಂಡು ಮೃತನಾದನು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ರಕ್ಷಣಾ ಸಮಿತಿ 1934ರಲ್ಲಿ ದಿನಕ್ಕೆ 0.2 ರಾಂಟ್‌ಜೆನ್ ಎಂಬ ಮಿತಿಯನ್ನು ಸಾರಿತು. ಇಂದಿನ ಲೆಕ್ಕದಲ್ಲಿ ಅದು ವರ್ಷಕ್ಕೆ ಸ್ಥೂಲವಾಗಿ 500 ಮಿಲಿಸೀವರ್ಟ್. ಚರ್ಮ ಕೆಂಪೇರುವಷ್ಟು ಕಿರಣದ ಒಂದು ಅಲ್ಪಾಂಶವನ್ನು ತಾಳಿಕೊಂಡರೆ ದೇಹಕ್ಕೆ ಕೇಡಿಲ್ಲವೆಂಬ ಅನುಭವವೇ ಅದಕ್ಕೆ ಆಧಾರ. ಆ ಮಿತಿಯನ್ನು ಹಾಕಿದವರು ಬಹುಮಟ್ಟಿಗೆ ಆ ಕಿರಣಗಳೊಡನೆ ತಾವೇ ದುಡಿಯುತ್ತಿದ್ದ ವೈದ್ಯರೂ ಭೌತವಿಜ್ಞಾನಿಗಳೂ ಆಗಿದ್ದರೆಂಬುದು ಗಮನಾರ್ಹ: ಅಪಾಯವೂ ಅವರದೇ, ನಿರ್ಣಯವೂ ಅವರದೇ. ಗಡಿಯಾರದ ಮುಖಗಳಿಗೆ ರೇಡಿಯಂ ಬಳಿಯುತ್ತ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತ, ದವಡೆಯ ಎಲುಬು ಕೊಳೆತು ಸತ್ತ ನ್ಯೂಜರ್ಸಿಯ ಹೆಣ್ಣುಮಕ್ಕಳಿಗೆ ಆ ಭಾಗ್ಯವೂ ಇರಲಿಲ್ಲ.

ಕಿರಣಗಳು ಹಣ್ಣುನೊಣಗಳ ಸಂತತಿಯಲ್ಲಿ ಆನುವಂಶಿಕ ವಿಕಾರಗಳನ್ನು ಹುಟ್ಟಿಸುವುವೆಂದು ಜೀವವಿಜ್ಞಾನಿ ಮುಲ್ಲರ್ 1927ರಲ್ಲೇ ತೋರಿಸಿದ್ದರೂ, ಅಣ್ವಸ್ತ್ರಪರೀಕ್ಷೆಗಳ ಧೂಳು ಲೋಕದ ಮೇಲೆಲ್ಲ ಬೀಳತೊಡಗುವವರೆಗೆ ಆ ಮಾತಿಗೆ ತಕ್ಕ ಮನ್ನಣೆ ದೊರೆಯಲಿಲ್ಲ. 1950ರ ವೇಳೆಗೆ ವರ್ಷಕ್ಕೆ 150 ಮಿಲಿಸೀವರ್ಟಿಗಿಳಿದ ಮಿತಿ, 1958ರಲ್ಲಿ 50ಕ್ಕೂ, ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕುಳಿದವರ ದೀರ್ಘಕಾಲದ ಅಧ್ಯಯನದಿಂದ ಅರ್ಬುದದ ಸಂಭವ ಮೊದಲೆಣಿಸಿದ್ದಕ್ಕಿಂತ ಹೆಚ್ಚೆಂದು ತಿಳಿದ ಮೇಲೆ 1990ರಲ್ಲಿ 20ಕ್ಕೂ ಇಳಿಯಿತು. 100 ಮಿಲಿಸೀವರ್ಟಿಗೂ ಕೆಳಗಿನ ಅಲ್ಪಪ್ರಮಾಣಗಳ ವಿಷಯದಲ್ಲಿ ಇಂದಿಗೂ ವಿವಾದವುಂಟು. ಮೊನಜೈಟ್ ಮರಳಿನಿಂದ ಸಹಜವಿಕಿರಣ ಅಧಿಕವಾಗಿರುವ ಕೇರಳದ ಕರುನಾಗಪಳ್ಳಿಯಲ್ಲಿ ಸುಮಾರು 70,000 ಜನರನ್ನು ವರ್ಷಗಟ್ಟಲೆ ಪರಿಶೀಲಿಸಿದಾಗ ಅರ್ಬುದ ಹೆಚ್ಚಿದ್ದು ಕಂಡುಬರಲಿಲ್ಲ. ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಲ್ಲವೆಂಬುದು ನಿಜ. ಅಂತೆಯೇ, ಸ್ಥಾವರದ ಬೇಲಿಯ ಹೊರಗಿನ ಅಣುಮಾತ್ರ ವಿಕಿರಣಕ್ಕೆ ಊರಿನ ಸಕಲ ರೋಗಗಳನ್ನೂ ಹೊರಿಸುವುದು ವಿಚಾರವಂತಿಕೆಯೆನಿಸದು.

ಪ್ರಯೋಜನದ ತಟ್ಟೆಯೂ ಬರಿದಾಗಿಲ್ಲ. ಕಲ್ಲಿದ್ದಲಿನ ಹೊಗೆ ಯಾವ ಅಪಘಾತವೂ ಇಲ್ಲದೆ, ನಿತ್ಯವೂ, ಸದ್ದಿಲ್ಲದೆ ಆಯುಸ್ಸನ್ನು ಹರಣ ಮಾಡುತ್ತದೆ; ಯೂನಿಟ್ಟಿಗೆ ಯೂನಿಟ್ಟನ್ನು ಹೋಲಿಸಿದರೆ ಅಣುವಿದ್ಯುತ್ತಿನಿಂದ ಆದ ಪ್ರಾಣಹಾನಿ, ಚೆರ್ನೋಬಿಲನ್ನು ಸೇರಿಸಿದರೂ, ಅದಕ್ಕಿಂತ ಬಹಳ ಕಡಮೆ. ಆದರೆ ಇಂಥ ಸರಾಸರಿಯಲ್ಲಿ ಮರೆಯಾಗುವ ಸಂಗತಿಯೊಂದುಂಟು, ಅದನ್ನು ಚೆರ್ನೋಬಿಲೇ ಕಲಿಸಿತು. 1986ರ ಏಪ್ರಿಲ್ 26ರಂದು ಅಲ್ಲಿಂದ ಹೊರಬಿದ್ದ ಅಯೋಡಿನ್-131 ಹುಲ್ಲಿಗಿಳಿದು, ಹುಲ್ಲಿನಿಂದ ಹಸುವಿಗೂ, ಹಾಲಿನಿಂದ ಮಕ್ಕಳ ಕೊರಳಿನ ಥೈರಾಯ್ಡ್ ಗ್ರಂಥಿಗೂ ಸೇರಿತು. ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುವ ವಸ್ತುವದು. ಕೆಲವು ವಾರ ಊರ ಹಾಲನ್ನು ನಿಲ್ಲಿಸಿದ್ದರೆ ಸಾಕಾಗಿತ್ತು. ನಿಲ್ಲಿಸಬೇಕೆಂದು ಹಳ್ಳಿಯ ತಾಯಂದಿರಿಗೆ ಹೇಳಬೇಕಾದವರು ಸಕಾಲದಲ್ಲಿ ಹೇಳಲಿಲ್ಲ. ಆಗ ಮಕ್ಕಳೂ ಹರೆಯದವರೂ ಆಗಿದ್ದವರಲ್ಲಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಅರ್ಬುದಗಳು ಕಂಡುಬಂದವು. ಬಹುಪಾಲು ಚಿಕಿತ್ಸೆಗೆ ಬಗ್ಗಿದುದು ಪುಣ್ಯ. ಫುಕುಶಿಮಾದಲ್ಲಿ ಇದಕ್ಕೆ ವಿಪರೀತ: 2011ರಲ್ಲಿ ಅಲ್ಲಿ ವಿಕಿರಣಕ್ಕಿಂತ ಅವಸರದ ಸ್ಥಳಾಂತರವೂ ಅದರ ಬವಣೆಯೂ ಹೆಚ್ಚು ಜನರನ್ನು, ಮುಖ್ಯವಾಗಿ ವೃದ್ಧರನ್ನು, ಬಲಿತೆಗೆದುಕೊಂಡವು. ಭಯವನ್ನು ಬಚ್ಚಿಟ್ಟರೂ ಕೇಡು, ಅಳತೆಮೀರಿ ಭಯಪಟ್ಟರೂ ಕೇಡು.

ಅಂತರರಾಷ್ಟ್ರೀಯ ಸಮಿತಿ 1977ರಲ್ಲಿ ವಿಧಿಸಿದ ಸೂತ್ರಗಳಲ್ಲಿ ಮೊದಲನೆಯದು, ಹಾನಿಯನ್ನು ಮೀರಿದ ಪ್ರಯೋಜನವಿಲ್ಲದೆ ಯಾರನ್ನೂ ವಿಕಿರಣಕ್ಕೆ ಒಡ್ಡಬಾರದೆಂಬುದು. ಆ ಪ್ರಯೋಜನ ಯಾರಿಗೆ ಎಂದು ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಕೇಳಿದವರು ಶಿವರಾಮ ಕಾರಂತರು. ಕೈಗಾ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಕಾಳಿ ನದಿಯ ದಡದ ಆ ಸ್ಥಾವರ 2000ದಿಂದ ವಿದ್ಯುತ್ತನ್ನು ನೀಡುತ್ತಿದೆ. ಅದರ ಮೊದಲ ಘಟಕ 2018ರ ಅಂತ್ಯದವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಅದೇ ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣಶೀಲ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಸೇರಿದ್ದು ಅವರ ಮೂತ್ರಪರೀಕ್ಷೆಯಿಂದ ತಿಳಿಯಿತು. ಎರಡೂ ಒಂದೇ ಲೆಕ್ಕದ ಪುಸ್ತಕಕ್ಕೆ ಸೇರಬೇಕಾದವು.

ಅಲ್ಲಿನ ಗಾಳಿ, ನೀರು, ಮೀನು, ಹಾಲುಗಳನ್ನು ಪರೀಕ್ಷಿಸಲು ಪ್ರತ್ಯೇಕ ಪ್ರಯೋಗಶಾಲೆ ಏರ್ಪಟ್ಟಿದೆ. ಸುತ್ತಲಿನ ಗ್ರಾಮಪಂಚಾಯಿತಿಗಳ ಫಲಕದ ಮೇಲೆ ಅದರ ಅಂಕಿಗಳು ತಿಂಗಳು ತಿಂಗಳೂ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ಪ್ರಕಟವಾಗಬೇಕು. ಹಾಗಾಗದ ಹೊರತು ಅಲ್ಲಿನ ಜನ ಈ ಮಿತಿಗೆ ಸಮ್ಮತಿಯಿತ್ತಿದ್ದಾರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.