ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಸಂಕ್ಷಾರಕ ಗಂಧಕ: ಪತ್ತೆಯ ವಿಧಾನಗಳು ಬೆಳೆದ ಬಗೆ

ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ತಂಪಾಗಿಡುತ್ತ ವಿದ್ಯುತ್ ಸೋರಿಕೆಯನ್ನೂ ತಡೆಯುವ ಖನಿಜ ಎಣ್ಣೆಯಲ್ಲಿ, ಅದು ಕಚ್ಚಾತೈಲದಿಂದ ಬಂದದ್ದಾದ್ದರಿಂದ, ಗಂಧಕದ ಸಂಯುಕ್ತಗಳು ಅಷ್ಟಿಷ್ಟು ಉಳಿದಿರುವುದು ಸಹಜ. ಅವೆಲ್ಲವೂ ಹಾನಿಕರವಲ್ಲ, ಥಯೊಫೀನ್‌ನಂಥ ಸ್ಥಿರ ಸಂಯುಕ್ತಗಳು ಲೋಹದ ಗೊಡವೆಗೆ ಹೋಗುವುದಿಲ್ಲ, ಕೆಲವು ಸಲ್ಫೈಡುಗಳಂತೂ ಎಣ್ಣೆ ಬೇಗ ಹಳಸದಂತೆ ಕಾಯುತ್ತವೆ. ತಾಮ್ರವನ್ನೂ ಬೆಳ್ಳಿಯನ್ನೂ ತಿನ್ನುವವು ಧಾತುರೂಪದ ಗಂಧಕ, ಮರ್ಕ್ಯಾಪ್ಟನ್‌ಗಳು ಮತ್ತು ಕೆಲವು ಡೈಸಲ್ಫೈಡುಗಳು. ಇವನ್ನು ಒಟ್ಟಾಗಿ ಸಂಕ್ಷಾರಕ ಗಂಧಕವೆನ್ನುತ್ತಾರೆ. ಹೀಗಾಗಿ ಎಣ್ಣೆಯ ಒಟ್ಟು ಗಂಧಕವನ್ನು ಅಳೆದ ಮಾತ್ರಕ್ಕೆ ಅಪಾಯದ ಅಂದಾಜು ಸಿಗುವುದಿಲ್ಲ.

ಈ ವಿಷಯದ ಆರಂಭಿಕ ಬರಹಗಳಲ್ಲಿ ಕ್ಲಾರ್ಕ್ ಮತ್ತು ರಾಬ್ ಎಂಬವರು 1948ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪ್ರಬಂಧ ಪ್ರಮುಖವಾದುದು. ಮುಂದೆ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಡಿ1275 ಎಂದು ಹೆಸರಾದ ಮಾನಕ ಪರೀಕ್ಷೆಯ ಕ್ರಮ ಸರಳ: ಉಜ್ಜಿ ಹೊಳಪು ಬರಿಸಿದ ತಾಮ್ರದ ಸಣ್ಣ ಪಟ್ಟಿಯನ್ನು ಬಾಗಿಸಿ ಎಣ್ಣೆಯಲ್ಲಿ ಮುಳುಗಿಸಿ, ನೈಟ್ರೋಜನ್ ಹಾಯಿಸಿ ಗಾಳಿಯನ್ನು ಹೊರಹಾಕಿ, 140 ಡಿಗ್ರಿ ಸೆಲ್ಸಿಯಸ್‌ನಲ್ಲಿ 19 ಗಂಟೆ ಕಾಯಿಸಿದ ಬಳಿಕ ಅದರ ಬಣ್ಣವನ್ನು ನೋಡುವುದು. ಪಟ್ಟಿ ಕಿತ್ತಳೆಯಾಗಿದ್ದರೆ ಎಣ್ಣೆ ಪಾಸು, ಕಪ್ಪಾದರೆ ಫೇಲು. ಜರ್ಮನಿಯ ಡಿಐಎನ್ 51353 ಮಾನಕ ಬೆಳ್ಳಿಯ ಪಟ್ಟಿಯನ್ನು 100 ಡಿಗ್ರಿಯಲ್ಲಿ 18 ಗಂಟೆ ಇಡುತ್ತಿತ್ತು. ಎರಡರಲ್ಲೂ ತೀರ್ಪು ಕೊಡುವುದು ನೋಡುವವರ ಕಣ್ಣು. ಆದರೆ ಆಮೇಲೆ ಬಯಲಾದ ಕೊರತೆ ಕಣ್ಣಿನದಾಗಿರಲಿಲ್ಲ, ಪರೀಕ್ಷೆ ಕೇಳುತ್ತಿದ್ದ ಪ್ರಶ್ನೆಯದ್ದೇ ಆಗಿತ್ತು.

2000ದ ನಂತರದ ವರ್ಷಗಳಲ್ಲಿ ಬ್ರೆಜಿಲ್ ಮೊದಲಾದ ದೇಶಗಳಲ್ಲಿ ವಿದ್ಯುತ್ ಜಾಲದ ದೊಡ್ಡ ರಿಯಾಕ್ಟರುಗಳೂ ಟ್ರಾನ್ಸ್‌ಫಾರ್ಮರುಗಳೂ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಸುಟ್ಟುಹೋದವು. ಅವುಗಳಲ್ಲಿದ್ದ ಎಣ್ಣೆ ಹಳೆಯ ಪರೀಕ್ಷೆಯಲ್ಲಿ ಪಾಸಾಗಿತ್ತು. ಬಿಚ್ಚಿ ನೋಡಿದಾಗ ತಾಮ್ರದ ತಂತಿಗೆ ಸುತ್ತಿದ ಕಾಗದದ ಪದರಗಳಲ್ಲಿ ತಾಮ್ರದ ಸಲ್ಫೈಡ್ ಕಂಡುಬಂತು. ಅದು ಅಷ್ಟಿಷ್ಟು ವಿದ್ಯುತ್ತನ್ನು ಹರಿಯಗೊಡುವ ವಸ್ತುವಾದ್ದರಿಂದ ಕಾಗದದ ತಡೆಶಕ್ತಿ ಕುಗ್ಗಿ, ಸುರುಳಿಯ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ಶಾರ್ಟ್ ಆಗುತ್ತಿತ್ತು. ಎಣ್ಣೆಯಲ್ಲಿ ಕರಗಿದ ಅನಿಲಗಳ ವಿಶ್ಲೇಷಣೆ, ಅಂದರೆ ಟ್ರಾನ್ಸ್‌ಫಾರ್ಮರಿನ ಬಹುತೇಕ ಕಾಯಿಲೆಗಳನ್ನು ಮೊದಲೇ ಹೇಳಿಬಿಡುವ ವಿಧಾನ, ಇಲ್ಲಿ ನಂಬಬಹುದಾದ ಮುನ್ಸೂಚನೆ ಕೊಡಲಿಲ್ಲ.

ಮೊದಲು ಆದ ಬದಲಾವಣೆಯೆಂದರೆ ಡಿ1275 ಪರೀಕ್ಷೆಯನ್ನೇ ಬಿಗಿಗೊಳಿಸಿ 150 ಡಿಗ್ರಿಗೆ, 48 ಗಂಟೆಗೆ ಏರಿಸಿದ್ದು. ಅದಕ್ಕಿಂತ ಮಹತ್ವದ್ದು ಸಿಗ್ರೆ ಸಂಸ್ಥೆಯ ತಜ್ಞರ ತಂಡದ ಕೆಲಸದಿಂದ ಬೆಳೆದು, 2008ರಲ್ಲಿ ಅಂತರರಾಷ್ಟ್ರೀಯ ಮಾನಕ ಐಇಸಿ 62535 ಆಗಿ ಪ್ರಕಟವಾದ ಪರೀಕ್ಷೆ. ಇದರಲ್ಲಿ ಕಾಗದ ಸುತ್ತಿದ ತಾಮ್ರದ ತುಂಡನ್ನೇ 15 ಮಿಲಿಲೀಟರ್ ಎಣ್ಣೆಯಲ್ಲಿಟ್ಟು 150 ಡಿಗ್ರಿಯಲ್ಲಿ 72 ಗಂಟೆ ಕಾಯಿಸಿ, ಕಾಗದವನ್ನು ಬಿಚ್ಚಿ ಎಣ್ಣೆ ತೊಳೆದು, ಅದರ ಮೇಲೆ ಲೋಹದ ಮಿನುಗುಳ್ಳ ಕಲೆಯಿದೆಯೇ ಎಂದು ನೋಡುತ್ತಾರೆ. ಅನುಮಾನವಿದ್ದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಎಕ್ಸ್-ಕಿರಣ ವಿಶ್ಲೇಷಣೆಯಿಂದ ತಾಮ್ರ, ಗಂಧಕಗಳೆರಡನ್ನೂ ಖಚಿತಪಡಿಸಿಕೊಳ್ಳುತ್ತಾರೆ. ಕಾಗದವನ್ನು ಪರೀಕ್ಷೆಯೊಳಕ್ಕೆ ತಂದದ್ದೇ ಈ ಕ್ಷೇತ್ರದ ನಿಜವಾದ ತಿರುವು ಎನ್ನಬೇಕು.

ಇದೇ ಕಾಲದಲ್ಲಿ ಮುಖ್ಯ ಅಪರಾಧಿ ಡೈಬೆಂಜೈಲ್ ಡೈಸಲ್ಫೈಡ್, ಅಂದರೆ ಡಿಬಿಡಿಎಸ್, ಎಂಬುದು ಸ್ಪಷ್ಟವಾಯಿತು. ಸಂಯುಕ್ತ ಯಾವುದೆಂದು ತಿಳಿದ ಮೇಲೆ ಅದನ್ನೇ ನೇರವಾಗಿ ಅಳೆಯುವ ದಾರಿ ತೆರೆಯಿತು. ಎಣ್ಣೆಯ ಘಟಕಗಳನ್ನು ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮಟೊಗ್ರಫಿಯ ಮೂಲಕ ಡಿಬಿಡಿಎಸ್‌ನ ಪ್ರಮಾಣ ಕಂಡುಕೊಳ್ಳುವ ಐಇಸಿ 62697-1 ಮಾನಕ 2012ರಲ್ಲಿ ಬಂದಿತು. ಹೊಸ ಎಣ್ಣೆಯಲ್ಲಿ ಅದು ಕಿಲೋಗ್ರಾಮಿಗೆ 5 ಮಿಲಿಗ್ರಾಮ್ ಎಂಬ ಪತ್ತೆಯ ಮಿತಿಗಿಂತ ಕೆಳಗಿರಬೇಕೆಂಬ ನಿಯಮವೂ ಜಾರಿಯಾಯಿತು. ಭಾರತದ ಐಎಸ್ 335 ಮಾನಕವೂ 2018ರ ಪರಿಷ್ಕರಣೆಯಲ್ಲಿ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದಿಕೊಂಡಿತು. ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಪರೀಕ್ಷಿಸುವ ದೇಶದ ಪ್ರಮುಖ ಪ್ರಯೋಗಾಲಯಗಳಲ್ಲೊಂದು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿದೆ.

ಹೊಸ ಎಣ್ಣೆಯ ಮಟ್ಟಿಗೆ ಸಮಸ್ಯೆ ಬಹುಪಾಲು ಬಗೆಹರಿದಿದೆ. ಬಳಕೆಯಲ್ಲಿರುವ ಎಣ್ಣೆಯದು ಇನ್ನೂ ತೊಡಕಿನ ಪ್ರಶ್ನೆ. ತಾಮ್ರದ ಮೇಲೆ ರಕ್ಷಣೆಯ ಪೊರೆ ಕಟ್ಟುವ ಟ್ರೈಯಜೋಲ್ ಜಾತಿಯ ಪ್ಯಾಸಿವೇಟರನ್ನು ಬೆರೆಸಿದ ಎಣ್ಣೆ, ಡಿಬಿಡಿಎಸ್ ಹಾಗೆಯೇ ಉಳಿದಿದ್ದರೂ, ಪಟ್ಟಿಯ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ, ಮತ್ತು ಪ್ಯಾಸಿವೇಟರ್ ವರ್ಷಗಳುರುಳಿದಂತೆ ಸವೆಯುತ್ತ ಹೋಗುವುದರಿಂದ ಎರಡರ ಪ್ರಮಾಣವನ್ನೂ ಬೇರೆಬೇರೆಯಾಗಿ ಅಳೆಯುತ್ತಿರಬೇಕಾಗುತ್ತದೆ. ಹಳೆಯ ಎಣ್ಣೆಯನ್ನು ಜೇಡಿಯಲ್ಲಿ ಶೋಧಿಸಿ ಮರುಬಳಸುವಾಗ, ಜೇಡಿಯನ್ನು ಸುಟ್ಟು ಪುನಶ್ಚೇತನಗೊಳಿಸುವ ಕ್ರಮ ಸರಿಯಿಲ್ಲದಿದ್ದರೆ, ಧಾತುರೂಪದ ಗಂಧಕ ಎಣ್ಣೆಗೆ ಸೇರಿ ವೋಲ್ಟೇಜ್ ಹೊಂದಿಸುವ ಟ್ಯಾಪ್ ಚೇಂಜರಿನ ಬೆಳ್ಳಿಲೇಪಿತ ಸಂಪರ್ಕಗಳನ್ನು ತಿನ್ನಿದ ಪ್ರಕರಣಗಳಿವೆ. ಆ ಎಣ್ಣೆಯಲ್ಲಿ ಡಿಬಿಡಿಎಸ್ ಮಾತ್ರ ಹುಡುಕಿದರೆ ಏನೂ ಸಿಗುವುದಿಲ್ಲ, ಬೆಳ್ಳಿಯ ಪಟ್ಟಿಯನ್ನೇ ಮತ್ತೆ ಇಳಿಬಿಡಬೇಕು.