ಬೀದರಿನ ಮದ್ದಿನ ಮನೆ

ಭಾಲ್ಕಿ, ಔರಾದಗಳಿಂದ ಸಂತೆಗೋ ಕಚೇರಿಗೋ ಬೀದರಿಗೆ ಬರುವ ಜನರು, ಚೌಬಾರದಿಂದ ಕೋಟೆಯತ್ತ ಸಾಗುವ ದಾರಿಯಲ್ಲಿ ಜೊತೆಯ ಮಿನಾರನ್ನು ಕಳೆದುಕೊಂಡು ಒಂಟಿಯಾಗಿ ನಿಂತಿರುವ ಮಹಮೂದ್ ಗಾವಾನನ ಮದರಸವನ್ನು ನೋಡಿ, ಯಾವನೋ ಶತ್ರುವಿನ ತೋಪು ಇದನ್ನು ಕೆಡವಿರಬೇಕೆಂದು ಭಾವಿಸುವುದು ಸಹಜವಾದರೂ, ಆ ಅನಾಹುತದ ಮೂಲ ಕಟ್ಟಡದೊಳಗೇ ಇದ್ದಿತು.

ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರರ ಮಿಶ್ರಣವಾದ ಮದ್ದು ಬಯಲಿನಲ್ಲಿ ಭುಗ್ಗೆಂದು ಉರಿದು ಆರಿಹೋಗುವುದು; ಅದನ್ನೇ ನಾಲ್ಕು ಗೋಡೆಗಳ ನಡುವೆ ಬಂಧಿಸಿದರೆ, ಆ ಗೋಡೆಗಳ ಬಲವೇ ಅದರ ಸ್ಫೋಟಕ್ಕೆ ಬಲವಾಗುವುದು.

ಈ ಪಾಠವನ್ನು ಬೀದರು ಮೊದಲು ಕಲಿತದ್ದು 1657ರ ಮಾರ್ಚಿಯಲ್ಲಿ. ರಾಜಕುಮಾರ ಔರಂಗಜೇಬನು ಮುತ್ತಿಗೆ ಹಾಕಿದಾಗ, ಬಂಡೆಯನ್ನೇ ಕಡಿದು ತೆಗೆದ ಮೂರು ಸಾಲಿನ ಕಂದಕವು ವೈರಿಯನ್ನು ಹೊರಗೆ ತಡೆದಿದ್ದರೂ, ಹಾರಿ ಬಂದ ಬೆಂಕಿಬಾಣವೊಂದು ಬುರುಜಿನ ಬಳಿ ಕೂಡಿಟ್ಟಿದ್ದ ಮದ್ದಿಗೆ ತಗುಲಿ, ಬಿಜಾಪುರದ ಕಿಲ್ಲೇದಾರ ಸಿದ್ದಿ ಮರ್ಜಾನನು ತನ್ನ ಮಕ್ಕಳೊಡನೆ ಬೆಂದುಹೋದನು. ಇಪ್ಪತ್ತೇಳು ದಿನಗಳ ಮುತ್ತಿಗೆ ಹಾಗೆ ಮುಗಿಯಿತು. ಹೋರಾಡುವವನ ಬೆನ್ನಿಗೇ ಮದ್ದಿನ ರಾಶಿಯನ್ನಿಟ್ಟವರಾರೋ! ಕೈಗೆ ಬೇಗ ಸಿಗಲೆಂದು ಇಟ್ಟಿರಬೇಕು.

ಗೆದ್ದವರೂ ಕಲಿಯಲಿಲ್ಲ. 1472ರಲ್ಲಿ ಕಟ್ಟಿದ ಗಾವಾನನ ಆ ಮೂರಂತಸ್ತಿನ ವಿದ್ಯಾಲಯದಲ್ಲಿ ಒಂದು ಕಾಲಕ್ಕೆ ಮೂರು ಸಾವಿರ ಗ್ರಂಥಗಳಿದ್ದುವಂತೆ. ಮೊಗಲರ ಆಳಿಕೆಯಲ್ಲಿ ಅಲ್ಲಿ ಸವಾರರು ಬಿಡಾರ ಹೂಡಿದರು, ಕೋಣೆಗಳಲ್ಲಿ ಮದ್ದನ್ನು ತುಂಬಿದರು. ದಪ್ಪ ಗೋಡೆ, ಸಾಲು ಕೋಣೆ, ಹತ್ತಿರದಲ್ಲೇ ಕೋಟೆ; ಉಗ್ರಾಣದವನಿಗೆ ಇನ್ನೇನು ಬೇಕು? ಮಲಗುವವರಿಗೂ ಮದ್ದಿಗೂ ನಡುವೆ ಬಯಲಿರಬೇಕೆಂಬ ಸಾಮಾನ್ಯ ವಿವೇಕಕ್ಕೆ ಊರ ನಡುವಣ ಆ ಕಟ್ಟಡದಲ್ಲಿ ಎಡೆಯೇ ಇರಲಿಲ್ಲ. 1695-96ರ ಸುಮಾರಿಗೆ ಅದು ಸಿಡಿಯಿತು. ಕಿಡಿ ಎಲ್ಲಿಂದ ಬಂತೆಂಬುದರಲ್ಲಿ ಒಮ್ಮತವಿಲ್ಲ, ಸಿಡಿಲೆಂದು ಹೇಳುವವರುಂಟು. ನನಗೆ ಕಿಡಿಗಿಂತ ಆ ಉಗ್ರಾಣದ ಮೇಲೆಯೇ ಸಿಟ್ಟು. ಮುಂಭಾಗದ ದಕ್ಷಿಣಾರ್ಧವೂ ಮಹಾದ್ವಾರವೂ ಒಂದು ಮಿನಾರೂ ಹೋದುವು. ಒಡೆದ ಮೂಲೆಯಲ್ಲಿ ಇಂದಿಗೂ ಅಂತಸ್ತಿನ ಮೇಲೆ ಅಂತಸ್ತು, ಕಮಾನಿನ ಒಳಗೆ ಕಮಾನು, ಹೋಳುಮಾಡಿದ ಹಣ್ಣಿನಂತೆ ತೆರೆದುಕೊಂಡಿವೆ. ಉಳಿದ ಮಿನಾರಿನ ಮೇಲೆ ನೀಲಿ ಬಿಲ್ಲೆಗಳು ಅಲ್ಲಲ್ಲಿ ಅಂಟಿಕೊಂಡಿವೆ.

ಬಿದ್ರಿ ಕೆಲಸದವರು ಸತುವು ತಾಮ್ರಗಳ ಪಾತ್ರೆಯನ್ನು ಕಪ್ಪಾಗಿಸಲು ಕೋಟೆಯ ಹಳೆಯ ಮಣ್ಣನ್ನೇ ತರುವರು. ಮಳೆ ಬಿಸಿಲು ಕಾಣದ ಮೂಲೆಯಿಂದ ಚಿಟಿಕೆ ತೆಗೆದು ನಾಲಗೆಗಿಟ್ಟು ನೋಡುವರು. ಆ ಮಣ್ಣಿನಲ್ಲಿ, ಮದ್ದಿನಲ್ಲಿರುವ ಅದೇ ಪೆಟ್ಲುಪ್ಪಿನ ಅಂಶವಿದೆಯೆಂದು ಹೇಳುತ್ತಾರೆ.